ಹೊಳೆಗೆ ಬಿಟ್ಟ ದಕ್ಷಿಣದ ಬಾಗಿಲು

ಆ ಮನೆಯನ್ನು ನಾವು ಮನೆ ಅಂತ ಕೊಂಡಿದ್ದು. ಅದಕ್ಕೊಂದು ಪಾರಂಪರಿಕ ಮೌಲ್ಯ ಇದೆ ಅಂತ ನಮಗೂ ಗೊತ್ತಿರಲಿಲ್ಲ, ಮಾರಿದವರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಆ ಮೌಲ್ಯವನ್ನು ನಾವೇ ಅರಿಶಿನ ಕುಂಕುಮ ಹಚ್ಚಿ ಹೊಳೆಗೆ ಬಿಟ್ಟಾಗಿತ್ತು. ಕೇಳಿ ನಗುವವರು ನಗಲಿ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕೊರೋನಾ ಶುರುವಾಗುವ ಸ್ವಲ್ಪ ಮೊದಲು ನಮ್ಮತ್ತೆ ಮೈಸೂರಿನಿಂದ ಅಮೆರಿಕದ ರಾಲಿಗೆ, ನಮ್ಮಲ್ಲಿಗೆ ಬಂದಿದ್ದರು. ಆರು ತಿಂಗಳು ಇದ್ದು, ಮೊಮ್ಮಗಳಿಗೆ ನಾಲ್ಕು ಶ್ಲೋಕ ಕಲಿಸಿ, ದಸರೆಗೆ ಮೊದಲು ವಾಪಸ್ಸು ಹೋಗುವುದು ಅಂತ ಮಾತು. ವಿಮಾನಗಳು ನಿಂತುಹೋದವು. ವೀಸಾ ಎಕ್ಸ್‌ಟೆನ್ಷನ್‌ಗೆ ಅಪ್ಲೈ ಮಾಡಿದೆವು. ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ನಾವು ಮೂವರು, ಜೊತೆಗೆ ಅತ್ತೆ. ಒಂದು ಕೋಣೆಯಲ್ಲಿ ನಮ್ಮವರ ಆಫೀಸ್ ಮೀಟಿಂಗು, ಇನ್ನೊಂದರಲ್ಲಿ ಮಗಳ ಆನ್‌ಲೈನ್ ಕ್ಲಾಸು. ಅತ್ತೆ ಸಹಸ್ರನಾಮ ಹೇಳಿಕೊಳ್ಳಬೇಕೆಂದರೆ ಬಾತ್‌ರೂಮಿನ ಪಕ್ಕದ, ಕೋಟು ನೇತುಹಾಕುವ ಕ್ಲಾಸೆಟ್ಟಿನಲ್ಲಿ ಕೂರಬೇಕಿತ್ತು. ಅವರು ದೂರಲಿಲ್ಲ. "ಪ್ರಹ್ಲಾದ ಕಂಬದಲ್ಲೇ ಕಂಡ, ನಾನು ಕೋಟುಗಳ ಮಧ್ಯೆ ಕಾಣ್ತೀನಿ ಬಿಡೇ" ಅಂದರು.

ಮನೆ ಕೊಳ್ಳೋಣ ಅಂತ ಹೊರಟೆವು. ಕೇರಿ, ಮಾರಿಸ್‌ವಿಲ್ ಅನ್ನುವ ಪಕ್ಕದ ಊರುಗಳಲ್ಲಿ, ನಮ್ಮ ದೇಶದವರೆಲ್ಲ ಇರುವ ಕಡೆ, ನಾವು ನೋಡಿ ಕಾರು ಹತ್ತುವಷ್ಟರಲ್ಲಿ ಮನೆ ಬೇರೆಯವರ ಪಾಲಾಗುತ್ತಿತ್ತು. ಆಫೀಸಿಗೆ ಹೋಗುವ ಹಾಗಿಲ್ಲವಲ್ಲ, ದೂರವಾದರೇನು ಅಂತ ನಮ್ಮವರು ರಾಲಿಯಿಂದ ಮುಕ್ಕಾಲು ಗಂಟೆ ಆಚೆಗಿನ ಒಂದು ಚಿಕ್ಕ ಊರಿನಲ್ಲಿ ಈ ಮನೆ ಹಿಡಿದರು. ಮರದ ಮನೆ, ಎರಡಂತಸ್ತು, ಹಿತ್ತಲಲ್ಲಿ ದೊಡ್ಡ ಪೆಕಾನ್ ಮರ. ಗೋಡೆಗೆ ಹೊರಗಿನಿಂದ ಬೂದು ಬಣ್ಣದ ವಿನೈಲ್ ಪ್ಲಾಸ್ಟಿಕ್ ಪಟ್ಟಿ ಹೊದಿಸಿದ್ದರು. ಕಿಟಕಿಗಳು ಅಲ್ಯೂಮಿನಿಯಮ್ಮಿನವು. ಹಿಂದುಗಡೆ ಯಾರೋ ಯಾವಾಗಲೋ ಒಂದು ಚಪ್ಪಟೆ ಕೋಣೆ ಅಂಟಿಸಿ ಅಡುಗೆಮನೆ ಮಾಡಿದ್ದರು. ನೋಡಿದರೆ ಹಳೆಯದು ಅನ್ನಿಸುತ್ತಿತ್ತೇ ಹೊರತು, ಹಳೆಯ ಕಾಲದ್ದು ಅನ್ನಿಸುತ್ತಿರಲಿಲ್ಲ.

ಅತ್ತೆ ಕಾರಿನಿಂದ ಇಳಿದು ಸೆರಗು ಹೊದ್ದುಕೊಂಡು ನೋಡಿದರು.

"ಏನೋ ಇದು, ಮನೆಯೋ ಬೆಂಕಿಪೊಟ್ಟಣವೋ?"

"ಇಲ್ಲಿ ಎಲ್ಲಾ ಮನೆಗಳೂ ಮರದ್ದೇ ಕಣಮ್ಮ" ಅಂದರು ನಮ್ಮವರು.

"ಮರ ಇರಲಿ, ಮರಕ್ಕೇನು. ಬಾಗಿಲು ಯಾವ ದಿಕ್ಕು?"

ನಮ್ಮವರು ನನ್ನ ಮುಖ ನೋಡಿದರು. ನಾನು ಮಗಳ ಮುಖ ನೋಡಿದೆ. ಮಗಳು ಫೋನಿನಲ್ಲಿ ದಿಕ್ಸೂಚಿ ತೆಗೆದು, "ಸೌತ್, ಅಜ್ಜಿ" ಅಂದುಬಿಟ್ಟಳು. ಅವಳಿಗೆ ಅದರ ಅರ್ಥ ಗೊತ್ತಿರಲಿಲ್ಲ.

"ಯಮನ ದಿಕ್ಕು" ಅಂದರು ಅತ್ತೆ. ಮತ್ತೆ ಕಾರಿನಲ್ಲಿ ಕೂತರು.

ಮೈಸೂರಿನ ಪುರೋಹಿತರಿಗೆ ವಾಟ್ಸಾಪಿನಲ್ಲಿ ಫೋನ್ ಮಾಡಿದೆವು. ಅವರು ಒಳ್ಳೆಯ ಸ್ವಭಾವದವರು. "ದಕ್ಷಿಣದ ಬಾಗಿಲಿಗೆ ಪರಿಹಾರ ಇದೆ, ಒಂದು ಶಾಂತಿ ಮಾಡಿಸಿಬಿಟ್ಟರೆ ಸಾಕು, ಅಮೆರಿಕದಲ್ಲಿ ಎಲ್ಲ ನೋಡೋಕಾಗತ್ತಾ ಅಮ್ಮ" ಅಂದರು. ಅತ್ತೆಗೆ ಅದು ಹಿಡಿಸಲಿಲ್ಲ. ಫೋನ್ ಇಟ್ಟ ಮೇಲೆ, "ಈ ಪುರೋಹಿತನ ಅಪ್ಪ ಇದ್ದಿದ್ರೆ ಹೀಗೆ ಹೇಳ್ತಿರಲಿಲ್ಲ. ಇವನಿಗೆ ಗಡಿಬಿಡಿ, ಇನ್ನೊಂದು ಕಡೆ ಆನ್‌ಲೈನ್ ಸತ್ಯನಾರಾಯಣ ಇರಬೇಕು" ಅಂದರು. ಕೊನೆಗೆ ಆದದ್ದು ಅವರ ಮಾತೇ. ಪೂರ್ವದ ಗೋಡೆಯಲ್ಲಿ ಹೊಸ ತಲೆಬಾಗಿಲು ಇಡಿಸಿ, ದಕ್ಷಿಣದ ಬಾಗಿಲು ಕಿತ್ತು, ಹಲಗೆ ಹೊಡೆದು ಮುಚ್ಚಿಸುವುದು. ಪರ್ಮಿಟ್ಟಿಗೆ ಕೇಳಿದಾಗ ಊರಿನ ಆಫೀಸಿನವರು ಏನೂ ತಕರಾರು ಮಾಡಲಿಲ್ಲ. ಹಾಗಾಗಿ ನಮಗೆ ಇದರಲ್ಲಿ ಯೋಚಿಸುವಂಥದ್ದು ಇದೆ ಅಂತ ಹೊಳೆಯಲೂ ಇಲ್ಲ.

ಬಾಗಿಲು ಕೀಳುವ ದಿನ ಒಂದು ವಿಚಿತ್ರ ಆಯಿತು. ಬಾಗಿಲ ಮೇಲ್ಭಾಗಕ್ಕೆ ಪ್ಲೈವುಡ್ ಬಡಿದು, ಅದರ ಮೇಲೆ ವಿನೈಲ್ ಹೊದಿಸಿದ್ದರು. ಕೆಲಸದವನು ಅದನ್ನು ಕಿತ್ತಾಗ ಹಿಂದೆ ಅರ್ಧಚಂದ್ರದಂಥ ಗಾಜಿನ ಕಿಂಡಿ ಕಾಣಿಸಿತು. ಬೀಸಣಿಗೆಯ ಕಡ್ಡಿಗಳ ಹಾಗೆ ತೆಳ್ಳನೆಯ ಮರದ ಪಟ್ಟಿಗಳು, ನಡುನಡುವೆ ಅಲೆಅಲೆಯಾದ ಹಳೆಯ ಗಾಜು. ಎರಡು ಪಕ್ಕಕ್ಕೂ ಬೆರಳಿನಷ್ಟು ಸಣ್ಣ ಕಂಬದ ಕೆತ್ತನೆ. ಮಧ್ಯಾಹ್ನದ ಬಿಸಿಲು ಅದರೊಳಗಿಂದ ಬಂದು ನೆಲದ ಮೇಲೆ ಹರಡಿತು.

"ಚೆನ್ನಾಗಿದೆಯಲ್ಲಮ್ಮ" ಅಂದರು ನಮ್ಮವರು, ಮೆಲ್ಲಗೆ.

"ಚೆನ್ನಾಗಿದ್ರೆ? ಯಮನೂ ನೋಡೋಕೆ ಚೆನ್ನಾಗೇ ಇದಾನಂತೆ."

ಅಲ್ಲಿಗೆ ಮುಗಿಯಿತು. ಫೋಟೋ ತೆಗೆಯೋಣ ಅಂತ ಯಾರಿಗೂ ಅನ್ನಿಸಲಿಲ್ಲ. ಅಶುಭದ ಬಾಗಿಲನ್ನು ಯಾರು ಫೋಟೋ ಹಿಡಿಯುತ್ತಾರೆ?

ಕಿತ್ತ ಬಾಗಿಲು, ಬಾಗಿಲುವಾಡ, ಹೊಸ್ತಿಲು ಎಲ್ಲವನ್ನೂ ಕೆಲಸದವರು ಹೊರಗಿನ ಕಸದ ಡಂಪ್‌ಸ್ಟರಿಗೆ ಎಸೆಯಲು ಎತ್ತಿಕೊಂಡರು. ಅತ್ತೆ ಅಡ್ಡ ನಿಂತರು. ಎಪ್ಪತ್ತು ದಾಟಿದ ಹೆಂಗಸು, ಕಾಲಿಗೆ ಸಾಕ್ಸು, ಮೈಮೇಲೆ ಮಗನ ಸ್ವೆಟರು, ಕೈಯಲ್ಲಿ ಅರಿಶಿನದ ಬಟ್ಟಲು. ಕೆಲಸದವನು ಟೋಪಿ ತೆಗೆದು ಪಕ್ಕಕ್ಕೆ ನಿಂತ.

"ಹೊಸ್ತಿಲು ಕಣೋ ಇದು" ಅಂದರು ಮಗನಿಗೆ. "ಎಷ್ಟು ಜನ ಮದುಮಕ್ಕಳು ಇದನ್ನ ದಾಟಿ ಬಂದಿದ್ದಾರೋ, ಎಷ್ಟು ಹೆಣ ಇದನ್ನ ದಾಟಿ ಹೋಗಿದೆಯೋ. ಕಸಕ್ಕೆ ಹಾಕ್ತೀಯಾ?"

"ಸರಿ, ಗ್ಯಾರೇಜಲ್ಲಿ ಇಡೋಣ ಬಿಡಮ್ಮ."

"ಕಿತ್ತ ಹೊಸ್ತಿಲು ಮನೆಯಲ್ಲಿ ಇಟ್ಕೋತಾರೇನೋ? ಭಿನ್ನವಾದ ವಿಗ್ರಹ ಏನ್ಮಾಡ್ತೀವಿ? ನೀರಿಗೆ ಬಿಡ್ತೀವಿ. ಇದೂ ಹಾಗೇನೆ."

ನಮ್ಮ ಮನೆದೇವರು ನರಸಿಂಹ. ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸ್ತಿಲ ಮೇಲೆ ಕೂತವನು. ಹುಟ್ಟಿದಾಗಿನಿಂದ ಹೊಸ್ತಿಲು ತುಳಿಯಬೇಡ, ಹೊಸ್ತಿಲ ಮೇಲೆ ಕೂರಬೇಡ ಅಂತ ಹೇಳಿಸಿಕೊಂಡು ಬೆಳೆದವಳು ನಾನು. ಅತ್ತೆಯ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ಈಗಲೂ, ನಿಜ ಹೇಳಬೇಕೆಂದರೆ, ಕಾಣುವುದಿಲ್ಲ.

ಭಾನುವಾರ ಬೆಳಿಗ್ಗೆ ಬಾಡಿಗೆಯ ಪಿಕಪ್ ಟ್ರಕ್ಕಿನಲ್ಲಿ ಅದನ್ನೆಲ್ಲ ಹಾಕಿಕೊಂಡು ಊರಾಚೆಯ ಹೊಳೆಗೆ ಹೋದೆವು. ಗಾಜನ್ನು ಮಾತ್ರ ಅತ್ತೆ ಬಿಡಿಸಿ ತೆಗೆಸಿದ್ದರು. ನೀರಿಗಿಳಿದ ಮಕ್ಕಳ ಕಾಲಿಗೆ ಚುಚ್ಚೀತು ಅಂತ, ಅದು ಕಸಕ್ಕೇ ಹೋಯಿತು. ನಮ್ಮವರು ರಸ್ತೆ ಕಡೆ ನೋಡುತ್ತಲೇ ಇದ್ದರು. "ಯಾರಾದ್ರೂ ಪೊಲೀಸರಿಗೆ ಫೋನ್ ಮಾಡಿದ್ರೆ ನನ್ನ ವೀಸಾ ಗತಿ ಏನೇ?" ಅಂತ ನನ್ನ ಕಿವಿಯಲ್ಲಿ ಅಂದರು. ಹೊಸ್ತಿಲಿಗೆ ಅರಿಶಿನ ಹಚ್ಚಿ, ಹೂವಿಟ್ಟು, ಊದುಬತ್ತಿ ಬೆಳಗಿ ಬಿಟ್ಟೆವು. ಮರ ತೇಲುತ್ತದೆ ಅಂದುಕೊಂಡಿದ್ದೆ. ತೇಲಲಿಲ್ಲ. ಅದು ರಾಳ ತುಂಬಿ ಕಬ್ಬಿಣದಷ್ಟು ಭಾರವಾದ ಹಳೆಯ ಪೈನ್ ಅಂತೆ, ಹಾಗೆಂದು ಆಮೇಲೆ ತಿಳಿಯಿತು. ಕಂದು ನೀರಿನಲ್ಲಿ ಒಂದು ಸುತ್ತು ಸುತ್ತಿ ಒಳಗೆ ಹೋಯಿತು. "ನೋಡು, ತಾಯಿ ತಗೊಂಡಳು" ಅಂತ ಅತ್ತೆ ಕೈಮುಗಿದರು. ಮಗಳು ಟ್ರಕ್ಕಿನಲ್ಲಿ ಕೂತವಳು, "ಅಮ್ಮಾ, ಆರ್ ವಿ ಡನ್?" ಅಂತ ಕೂಗಿದಳು.

ಪೂರ್ವದ ಬಾಗಿಲಿನಲ್ಲಿ ಗೃಹಪ್ರವೇಶ ಆಯಿತು. ಹಸು ಇಲ್ಲ, ಜನ ಇಲ್ಲ, ಪುರೋಹಿತರು ಪರದೆಯ ಮೇಲೆ. ಹಾಲು ಉಕ್ಕಿತು. ಅಷ್ಟು ಸಾಕಿತ್ತು ನನಗೆ.

ಅತ್ತೆ ಆ ಮನೆಯಲ್ಲಿ ಸುಖವಾಗಿದ್ದರು. ಪೂರ್ವದ ಬಾಗಿಲ ಪಕ್ಕದ ಕೋಣೆ ಅವರದು. ಬೆಳಿಗ್ಗೆ ಬಿಸಿಲು ಬಿದ್ದ ಜಾಗಕ್ಕೆ ಕುರ್ಚಿ ಎಳೆದುಕೊಂಡು ಹೂಬತ್ತಿ ಹೊಸೆಯುತ್ತಿದ್ದರು. ಮೆಟ್ಟಿಲ ಪಕ್ಕದ ಮರದ ಹಿಡಿಕೆಯನ್ನು ಸವರಿ, "ಎಷ್ಟು ನುಣುಪಾಗಿದೆ ನೋಡೇ, ಎಷ್ಟು ಕೈ ಆಡಿರಬೇಕು ಇದರ ಮೇಲೆ" ಅನ್ನುತ್ತಿದ್ದರು. ಬೆಂಕಿಪೊಟ್ಟಣ ಅಂದವರೇ ಫೋನಿನಲ್ಲಿ ತಂಗಿಗೆ, "ನಮ್ಮ ಮನೆ ತುಂಬಾ ಹಳೇದು, ಗಟ್ಟಿ ಇದೆ" ಅಂತ ಹೇಳುವುದು ಕೇಳಿಸಿ ನಾನು ಅಡುಗೆಮನೆಯಲ್ಲಿ ನಕ್ಕಿದ್ದೇನೆ.

ಮರುವರ್ಷ ಅವರ ಹೃದಯ ಸೋತಿತು. ಊರಿಗೆ ಕಳಿಸುವ ಸ್ಥಿತಿ ಇರಲಿಲ್ಲ. ಆಸ್ಪತ್ರೆಯವರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಅಂದರು. "ನನ್ನನ್ನ ಊರಿಗೆ ಕರ್ಕೊಂಡು ಹೋಗೋ" ಅಂತ ಮೊದಮೊದಲು ಮಗನಿಗೆ ಹೇಳುತ್ತಿದ್ದರು. ಆಮೇಲೆ ಹೇಳುವುದನ್ನು ಬಿಟ್ಟರು. ಒಂದು ದಿನ ಮಂಚ ಬೇಡ, ನೆಲಕ್ಕೆ ಇಳಿಸಿ ಅಂದರು. ಆ ಕೋಣೆಯ ಅಗಲ ಹಲಗೆಯ ನೆಲದ ಮೇಲೆ, ಮಗನ ಕೈಯಿಂದ ತುಳಸಿ ನೀರು ಕುಡಿದು ಹೋದರು. ಮಗ ಪಕ್ಕದಲ್ಲಿದ್ದ. ಆ ವರ್ಷ ಎಷ್ಟೋ ತಾಯಂದಿರಿಗೆ ಅದೂ ಸಿಗಲಿಲ್ಲ. ದೇವರು ದೊಡ್ಡವನು.

ಅಸ್ಥಿಯನ್ನು ಮನೆಯೊಳಗೆ ಇಡಬಾರದಲ್ಲ, ಬಟ್ಟೆಯಲ್ಲಿ ಕಟ್ಟಿ ಪೆಕಾನ್ ಮರಕ್ಕೆ ತೂಗುಹಾಕಿದ್ದೆವು. ಊರಿಗೆ ಹೋದರೆ ವಾಪಸ್ಸು ಬರಲು ನಮ್ಮವರಿಗೆ ಬೇಕಿದ್ದ ವೀಸಾ ಸ್ಟ್ಯಾಂಪಿಂಗಿಗೆ ದಿನ ಸಿಗದೆ, ಊರಿಗೆ ಹೊರಟ ಪರಿಚಯದವರೊಬ್ಬರ ಕೈಯಲ್ಲಿ ಕೊಟ್ಟು ಶ್ರೀರಂಗಪಟ್ಟಣದಲ್ಲಿ ಬಿಡಿಸಿದೆವು. ತಾಯಿಯ ಕೆಲಸವನ್ನು ಬೇರೆಯವರ ಕೈಯಲ್ಲಿ ಮಾಡಿಸಿದೆ ಅಂತ ನಮ್ಮವರಿಗೆ ಒಳಗೇ ಕೊರೆಯಿತು. ಅಂದಿನಿಂದ ಆ ಪೂರ್ವದ ಕೋಣೆಯೇ ಅವರಿಗೆ ಎಲ್ಲವೂ ಆಯಿತು. ಆಫೀಸಿನ ಮೇಜನ್ನು ಅಲ್ಲಿಗೆ ಹಾಕಿಕೊಂಡರು. ತಿಥಿಯನ್ನು ಅಲ್ಲೇ ಮಾಡಿದರು. "ಊರಲ್ಲಿ ಸಾಯಬೇಕಿದ್ದವಳು ಇಲ್ಲಿ ಸತ್ತಳು. ಈ ಜಾಗವನ್ನಾದರೂ ಬಿಡಬಾರದು" ಅಂತ ಒಮ್ಮೆ ಹೇಳಿದ್ದರು. ಅವರು ಬಾಯಿ ಬಿಟ್ಟು ಹೇಳಿದ್ದು ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ಹೀಗಿರುವಾಗ ರಸ್ತೆ ಅಗಲ ಮಾಡುವ ಸುದ್ದಿ ಬಂತು. ರಾಲಿ ಬೆಳೆದು ನಮ್ಮ ಊರಿನವರೆಗೂ ಬಂದಿತ್ತು. ಮನೆ ಮುಂದಿನ ಎರಡು ಲೇನಿನ ರಸ್ತೆ ನಾಲ್ಕಾಗಬೇಕು. ನಮ್ಮ ಸಾಲಿನ ಮನೆಗಳು ಹೋಗಬೇಕು. ಪರಿಹಾರ ಕೊಡುತ್ತಾರೆ. ದುಡ್ಡಿನ ಮಾತು ಇಲ್ಲಿ ಬೇಡ, ಅದು ನ್ಯಾಯವಾಗಿಯೇ ಇತ್ತು.

ರಸ್ತೆ ಹಾಕುವ ಮೊದಲು ಹಳೆಯ ಕಟ್ಟಡಗಳನ್ನು ಪರೀಕ್ಷೆ ಮಾಡಬೇಕು ಅಂತ ಇಲ್ಲಿ ಕಾನೂನು. ಅದಕ್ಕೆ ಒಬ್ಬ ಹೆಂಗಸು ಬಂದರು. ನೆರೆತ ಕೂದಲು, ಮಣ್ಣಿನ ಬೂಟು, ಕೈಯಲ್ಲಿ ಟಾರ್ಚು. ವಿನೈಲಿನ ಒಂದು ಮೂಲೆ ಎತ್ತಿ ಒಳಗೆ ಬೆಳಕು ಬಿಟ್ಟು ನೋಡಿದವರು ಹಾಗೇ ನಿಂತುಬಿಟ್ಟರು. ಆಮೇಲೆ ನಮ್ಮನ್ನು ಕೇಳಿ ಇನ್ನೆರಡು ಪಟ್ಟಿ ಕಿತ್ತರು. ಒಳಗೆ ಒಂದರ ಮೇಲೊಂದು ಹೊದ್ದು ಕೂತ ಅಗಲ ಹಲಗೆಗಳು, ಪ್ರತಿಯೊಂದರ ಕೆಳ ಅಂಚಿಗೂ ದಾರದಷ್ಟು ಸಣ್ಣ ಗೆರೆ ಕೊರೆದಿತ್ತು. ಯಂತ್ರದ ಕೆಲಸ ಅಲ್ಲ, ಬಡಗಿ ಕೈಯಲ್ಲಿ ತೋಪಡ ಹಿಡಿದು ಕೀಸಿ ಮಾಡಿದ್ದು ಅಂದರು. ಅವರು ಆ ಹಲಗೆ ಮುಟ್ಟಿದ ರೀತಿ ನೋಡಬೇಕಿತ್ತು. ನಾವು ದೇವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವಲ್ಲ, ಒತ್ತಿಕೊಳ್ಳುವುದೊಂದು ಬಾಕಿ.

ಈ ದೇಶ ಹುಟ್ಟಿದ ಹೊಸದರಲ್ಲಿ ಕಟ್ಟುತ್ತಿದ್ದ ಫೆಡರಲ್ ಶೈಲಿಯ ಮನೆ ಇದು, ಈ ಭಾಗದಲ್ಲಿ ಆ ಕಾಲದ ಹಲಗೆಯ ಮನೆಗಳು ಹೆಚ್ಚು ಉಳಿದಿಲ್ಲ, ಮೇಲೆ ಪ್ಲಾಸ್ಟಿಕ್ ಹೊದಿಸಿದ್ದರಿಂದ ಯಾರ ಕಣ್ಣಿಗೂ ಬಿದ್ದಿಲ್ಲ ಅಂತ ವಿವರಿಸಿದರು. ಪಾರಂಪರಿಕ ಮೌಲ್ಯ ಇದೆ ಅಂತ ಇದನ್ನು ತೀರ್ಮಾನಿಸುವ ಊರಿನ ಸಮಿತಿ ಒಪ್ಪಿದರೆ ರಸ್ತೆಯನ್ನು ಆಚೆ ಬದಿಗೆ ತಿರುಗಿಸಲೇಬೇಕಾದೀತು. ಆಚೆ ಬದಿಯಲ್ಲಿ ಖಾಲಿ ಹೊಲ ಇತ್ತು.

ನಮ್ಮವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಬೆಳಕು ಕಂಡೆ. ಕಾಫಿ ಮಾಡಲು ಒಳಗೆ ಓಡಿದೆ. ಡಿಕಾಕ್ಷನ್ ಇಳಿಯುವಷ್ಟು ಹೊತ್ತು ನನ್ನ ಎದೆಯೂ ಹಗುರವಾಗಿತ್ತು. ಆ ಹೊತ್ತು ಕೊಟ್ಟ ದೇವರನ್ನು ನಾನು ಮರೆತಿಲ್ಲ.

ವಿನೈಲ್ ಹೊದಿಸಿದ್ದು, ಕಿಟಕಿ ಬದಲಾಯಿಸಿದ್ದು, ಹಿಂದಿನ ಅಡುಗೆಮನೆ ಇದೆಲ್ಲ ದೊಡ್ಡ ಅಡ್ಡಿ ಅಲ್ಲ ಅಂದರು ಆಕೆ. ಹೊದಿಸಿದ್ದನ್ನು ತೆಗೆಯಬಹುದು, ಅಂಟಿಸಿದ್ದನ್ನು ಬಿಡಿಸಬಹುದು. ಕಾಫಿಯ ಲೋಟ ಹಿಡಿದುಕೊಂಡು ದಕ್ಷಿಣದ ಗೋಡೆಯ ಮುಂದೆ ಬಂದರು.

"ಇಂಥ ಮನೆಗೆ ಬಾಗಿಲೇ ಮುಖ. ಮೇಲೆ ಬೀಸಣಿಗೆಯ ಆಕಾರದ ಗಾಜು, ಪಕ್ಕದಲ್ಲಿ ಸಣ್ಣ ಕಂಬಗಳು ಇರಲೇಬೇಕು. ಎಲ್ಲಿ?"

ಇತ್ತು, ಸ್ಥಳ ಬದಲಾಯಿಸಿದೆವು ಅಂದರು ನಮ್ಮವರು.

"ತೊಂದರೆ ಇಲ್ಲ. ಬಿಚ್ಚಿದ ಭಾಗಗಳನ್ನು ಇಟ್ಟುಕೊಂಡಿದ್ದರೆ ಅದನ್ನು ಬದಲಾವಣೆ ಅಂತಲೇ ಹಿಡಿಯುವುದಿಲ್ಲ, ವಾಪಸ್ಸು ಕೂರಿಸಬಹುದು. ಗ್ಯಾರೇಜಿನಲ್ಲಿದೆಯಾ?"

ಮಗಳು ಮೆಟ್ಟಿಲ ಮೇಲೆ ಕೂತಿದ್ದಳು, ಅವಳೇ ಇಂಗ್ಲಿಷಿನಲ್ಲಿ ಹೇಳಿದಳು, ಅಜ್ಜಿ ಅದನ್ನು ನದಿಗೆ ಬಿಟ್ಟರು ಅಂತ. ಆಕೆಗೆ ಮೊದಲು ಅರ್ಥವಾಗಲಿಲ್ಲ. ಮಗಳು ವಿಗ್ರಹದ ವಿಷಯ, ಹೊಸ್ತಿಲ ವಿಷಯ ತನಗೆ ಗೊತ್ತಿದ್ದಷ್ಟು ಬಿಡಿಸಿ ಹೇಳಿದಳು. ಇಷ್ಟೆಲ್ಲ ಅವಳಿಗೆ ಗೊತ್ತಿದೆ ಅಂತ ನನಗೆ ಅವತ್ತೇ ತಿಳಿದದ್ದು. ಆಕೆ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು.

"ಫೋಟೋ ಇದ್ದರೂ ಸಾಕು" ಅಂದರು ಆಮೇಲೆ. "ಅದೇ ಅಳತೆಗೆ ಮಾಡಿಸಬಹುದು. ಗೋಡೆಯ ಒಳಗೆ ಅರ್ಧಚಂದ್ರದ ಗುರುತು ಇದ್ದೇ ಇರುತ್ತದೆ. ಆದರೆ ಅಲ್ಲಿ ಒಂದು ಇತ್ತು ಅಂತಷ್ಟೇ ಗುರುತು ಹೇಳುತ್ತದೆ, ಹೇಗಿತ್ತು ಅಂತ ಹೇಳುವುದಿಲ್ಲ."

ಫೋನು, ಲ್ಯಾಪ್‌ಟಾಪು ಎಲ್ಲ ಹುಡುಕಿದೆವು. ಪೂರ್ವದ ಬಾಗಿಲಿನ ಮುಂದೆ ಅತ್ತೆ ನಿಂತ ಫೋಟೋಗಳು ಬೇಕಾದಷ್ಟಿದ್ದವು. ದಕ್ಷಿಣದ ಬಾಗಿಲಿನದು ಒಂದೂ ಇರಲಿಲ್ಲ. ಮಾರಾಟಕ್ಕೆ ಇಟ್ಟಾಗಿನ ಚಿತ್ರದಲ್ಲಿ ಪ್ಲೈವುಡ್ಡು, ವಿನೈಲು, ಒಂದು ಬಲೆ ಬಾಗಿಲು ಅಷ್ಟೇ.

ಆಕೆ ಹೋದ ಮೇಲೆ ನಮ್ಮಿಬ್ಬರ ನಡುವೆ ಮಾತು ಬೆಳೆಯಿತು.

"ಅಮ್ಮನಿಗಂತೂ ತಿಳೀಲಿಲ್ಲ. ನೀನಾದ್ರೂ ಒಂದು ಮಾತು ಹೇಳಬಾರದಿತ್ತಾ?"

"ಏನು ಹೇಳಬೇಕಿತ್ತು ರೀ? ಹೊಸ್ತಿಲನ್ನ ಕಸಕ್ಕೆ ಹಾಕಿ ಅಂತಲಾ? ಡಂಪ್‌ಸ್ಟರಿಗೆ ಹೋಗಿದ್ರೂ ಇವತ್ತು ಸಿಗ್ತಿರಲಿಲ್ಲ."

"ಗ್ಯಾರೇಜಲ್ಲಿ ಇಡೋಣ ಅಂದೆ ನಾನು."

"ಅಂದ್ರಿ. ಆಮೇಲೆ ನೀವೇ ಹೆಗಲು ಕೊಟ್ಟು ಎತ್ತಿದ್ರಿ."

ಅವರು ಎದ್ದು ಪೂರ್ವದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಆ ಮಾತು ಆಡಬಾರದಿತ್ತು. ತಾಯಿಯ ಮಾತಿಗೆ ಹೆಗಲು ಕೊಟ್ಟದ್ದು ತಪ್ಪು ಅಂತ ಮಗನಿಗೆ ಯಾರು ಹೇಳಬೇಕು?

ನಾವು ಹೊಳೆಯಲ್ಲಿ ಹುಡುಕಿದೆವು. ಅಂದರೆ ನಮ್ಮವರು ಮತ್ತು ಮಗಳು. ರಜೆಯ ದಿನಗಳಲ್ಲಿ ಬೂಟು ಹಾಕಿಕೊಂಡು, ಉದ್ದನೆಯ ಕೋಲು ಹಿಡಿದು, ಬಿಟ್ಟ ಜಾಗದಿಂದ ಕೆಳಗೆ ಕೆಳಗೆ ಹೋಗುತ್ತಿದ್ದರು. ನಾನು ದಡದಲ್ಲಿ ಮೊಸರನ್ನದ ಡಬ್ಬಿ ಇಟ್ಟುಕೊಂಡು ಕೂರುತ್ತಿದ್ದೆ. ಟೈರು ಸಿಕ್ಕಿತು, ಶಾಪಿಂಗ್ ಕಾರ್ಟ್ ಸಿಕ್ಕಿತು, ಮರದ ದಿಮ್ಮಿಗಳು ಸಿಕ್ಕವು. ಆ ಮಧ್ಯೆ ಎರಡು ಸಲ ಬಿರುಗಾಳಿ ಬಂದು ಹೊಳೆ ತುಂಬಿ ಹರಿದು, ದಡವೇ ಜಾಗ ಬದಲಾಯಿಸಿತ್ತು. ಹಗ್ಗ ಕಟ್ಟಿಕೊಂಡು ಮಡುವಿಗೆ ಇಳೀತೀನಿ ಅಂದರು ನಮ್ಮವರು ಒಂದು ದಿನ. ನಾನು ಕೈ ಹಿಡಿದು ಕೂರಿಸಿದೆ. ದೇವರಿಗೆ ಒಪ್ಪಿಸಿದ್ದನ್ನು ವಾಪಸ್ಸು ಕೇಳುವುದು ಸರಿಯೇ ಅಂತಲೂ ನನಗೆ ಒಳಗೊಳಗೆ ಅಳುಕಿತ್ತು, ಅದನ್ನು ಅವರಿಗೆ ಹೇಳಲಿಲ್ಲ. ಸಿಗಲಿ ಅಂತ ಬೇಡಿಕೊಂಡೆ, ಬೇಡಿಕೊಂಡದ್ದಕ್ಕೆ ಕ್ಷಮಿಸು ಅಂತಲೂ ಬೇಡಿಕೊಂಡೆ.

ಸಮಿತಿಯ ಸಭೆ ಊರಿನ ಟೌನ್ ಹಾಲಿನಲ್ಲಿ ಆಯಿತು. ನಾನು ರೇಷ್ಮೆ ಸೀರೆ ಉಟ್ಟು ಹೋದೆ. ಯಾಕೆ ಉಟ್ಟೆನೋ. ಪರೀಕ್ಷೆ ಮಾಡಿದ ಹೆಂಗಸು ನಮ್ಮ ಪರವಾಗಿ ಎಷ್ಟು ಹೇಳಬಹುದೋ ಅಷ್ಟು ಹೇಳಿದರು. ಹಲಗೆ, ಮೆಟ್ಟಿಲು, ನೆಲ, ಬೆಂಕಿಗೂಡು ಎಲ್ಲದರ ಚಿತ್ರ ತೋರಿಸಿದರು. ರಸ್ತೆಯ ಕಡೆಯವನು ಎದ್ದು ಎರಡೇ ಮಾತು ಹೇಳಿದ. ಈ ಮನೆ ಪದೇ ಪದೇ ಬದಲಾಗಿದೆ, ಇದನ್ನು ಆ ಶೈಲಿಯ ಮನೆ ಅಂತ ಗುರುತಿಸುವ ಭಾಗವೇ ಈಗ ಇಲ್ಲ.

ಸಮಿತಿಯಲ್ಲಿದ್ದ ಮುದುಕರೊಬ್ಬರು ನನ್ನನ್ನೇ ಕೇಳಿದರು, "ಅಮ್ಮ, ನೀವು ಅದನ್ನು ಮಾರಬಹುದಿತ್ತು, ಸುಡಬಹುದಿತ್ತು, ಎಸೆಯಬಹುದಿತ್ತು. ನದಿಗೆ ಯಾಕೆ ಹಾಕಿದಿರಿ?"

ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ. "ಅದು ಪವಿತ್ರವಾದ್ದು, ಅದಕ್ಕೇ" ಅಂದೆ.

ಯಾರೋ ಹಿಂದೆ ಸಣ್ಣಗೆ ನಕ್ಕರು. ಮುದುಕರು ನಗಲಿಲ್ಲ. "ನಾವೂ ಹಾಗೇ ಅಂದುಕೊಳ್ಳುತ್ತೇವೆ, ಅದಕ್ಕೇ ಇಟ್ಟುಕೊಳ್ಳುತ್ತೇವೆ" ಅಂದರು.

ಅವರ ಮಾತಿಗೆ ಉತ್ತರ ಹೊಳೆದದ್ದು ಮನೆಗೆ ಬಂದು ಪಾತ್ರೆ ತೊಳೆಯುವಾಗ. ನಮ್ಮೂರಿನ ನರಸಿಂಹನ ಗುಡಿಗೆ ಟೈಲ್ಸ್ ಹಾಕಿದ್ದಾರೆ, ಕಂಬಕ್ಕೆ ಆಯಿಲ್ ಪೇಂಟ್ ಬಳಿದಿದ್ದಾರೆ, ಸ್ಟೀಲಿನ ಕಂಬಿ ನೆಟ್ಟಿದ್ದಾರೆ. ದೇವರು ಎದ್ದು ಹೋದ ಅಂತ ಯಾರೂ ಹೇಳಿಲ್ಲ. ಮೂರು ಹೆತ್ತ ಹೆಂಗಸಿನ ಮೈ ಮದುವಣಗಿತ್ತಿಯ ಮೈ ಹಾಗಿರುತ್ತದೆಯೇ? ಹಾಗಂತ ಅವಳು ಬೇರೆಯವಳಾ? ಜನ ಬದುಕಿದ ಮನೆ ಬದಲಾಗುತ್ತದೆ. ನಮ್ಮತ್ತೆ ಮಾಡಿಸಿದ ಬಾಗಿಲೂ ಆ ಮನೆಯ ಕತೆಯೊಳಗೇ ಸೇರಲಿಲ್ಲವೇ? ಇದನ್ನೆಲ್ಲ ಅಲ್ಲಿ ಹೇಳಿದ್ದರೂ ಅವರು ಒಪ್ಪುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ಅವರ ಲೆಕ್ಕದಲ್ಲಿ ಅವರೂ ಸರಿ. ಮುಖ ಕಳೆದುಕೊಂಡ ವಿಗ್ರಹವನ್ನು ನಾವೂ ಗರ್ಭಗುಡಿಯಲ್ಲಿ ಇಡುವುದಿಲ್ಲವಲ್ಲ.

ಆವತ್ತು ಸಭೆಯ ಕೊನೆಗೆ ಸಮಿತಿಯವರಿಂದ ಕೈ ಎತ್ತಿಸಿದ್ದರು. ಆ ಮುದುಕರು ಮಾತ್ರ ನಮ್ಮ ಕಡೆ ಎತ್ತಿದರು. ಉಳಿದವರು ಎತ್ತಲಿಲ್ಲ.

ಮನೆ ಖಾಲಿ ಮಾಡಲು ಕೊಟ್ಟ ಸಮಯ ಸಾಕಷ್ಟಿತ್ತು, ಅದಕ್ಕೆ ಅವರನ್ನು ದೂರಬಾರದು. ಕೆಡವುವ ಮುಂಚೆ ಹಳೆಯ ಮರ ಕೊಳ್ಳುವವರು ಬಂದು ಮೆಟ್ಟಿಲನ್ನು ಬಿಚ್ಚಿಕೊಂಡು ಹೋದರು. ಅದು ಷಾರ್ಲೆಟ್ ಊರಿನ ಕಡೆ ಯಾರದೋ ಹೊಸ ಮನೆಗೆ ಹೋಗಿದೆಯಂತೆ. ಹೊರಗಿನ ಹಲಗೆಗಳು ಯಾವುದೋ ಹೋಟೆಲಿನ ಗೋಡೆಗೆ ಅಂತ ಕೇಳಿದೆ. ಪೂರ್ವದ ಕೋಣೆಯ ನೆಲವನ್ನು ಕೀಳುವಾಗ ನಮ್ಮವರು ಅಲ್ಲಿ ಇರಲಿಲ್ಲ. ನಾನಿದ್ದೆ. ಒಂದು ಹಲಗೆ ಕೇಳೋಣ ಅಂತ ಬಾಯಿಯವರೆಗೂ ಬಂತು. ಅಪಾರ್ಟ್‌ಮೆಂಟಿನಲ್ಲಿ ಅದನ್ನು ಎಲ್ಲಿಡುವುದು, ಯಾರಾದರೂ ತುಳಿದರೆ ಅಂತ ಸುಮ್ಮನಾದೆ. ಪರೀಕ್ಷೆಗೆ ಬಂದಿದ್ದ ಆ ಹೆಂಗಸು ಒಂದೊಂದು ಕೋಣೆಯದೂ ಫೋಟೋ ತೆಗೆದು ನಮಗೂ ಕಳಿಸಿದ್ದಾರೆ. ನಮ್ಮವರು ಇನ್ನೂ ತೆರೆದು ನೋಡಿಲ್ಲ.

ಈಗ ಮಾರಿಸ್‌ವಿಲ್‌ನಲ್ಲಿ ಮೂರನೇ ಮಹಡಿಯಲ್ಲಿದ್ದೇವೆ. ಅಂಗಡಿ ಹತ್ತಿರ, ದೇವಸ್ಥಾನ ಹತ್ತಿರ. ಬಾಗಿಲು ಯಾವ ದಿಕ್ಕು ಅಂತ ನಾನು ನೋಡಲಿಲ್ಲ, ಅವರೂ ಹೇಳಲಿಲ್ಲ. ಈ ವರ್ಷ ಅತ್ತೆಯ ತಿಥಿಗೆ ಹೊಗೆಯ ಅಲಾರಮ್ ಕೂಗೀತು ಅಂತ ಹೋಮ ಬಿಟ್ಟು ಮಂತ್ರ, ತರ್ಪಣದಲ್ಲೇ ಮುಗಿಸಿದೆವು. ಪಿಂಡವನ್ನು ಬಾಲ್ಕನಿಯಲ್ಲಿ ಇಟ್ಟೆ. ಕಾಗೆ ಬಂತು. ಬಂತಲ್ಲ, ಅದು ದೊಡ್ಡದು. ನಮ್ಮವರು ಎಲೆಯ ಮುಂದೆ ಕೂತು, "ಅಮ್ಮ ಎಲ್ಲಿಗೆ ಅಂತ ಬರ್ತಾಳೇ?" ಅಂದರು. ನಾನು ಪಾಯಸ ಬಡಿಸಿದೆ.

ಆ ಹೊಸ ರಸ್ತೆಗೆ ಅವರು ಹೋಗುವುದಿಲ್ಲ. ಆ ಕಡೆ ಕೆಲಸ ಬಿದ್ದರೂ ಸುತ್ತು ಹಾಕಿಕೊಂಡು ಹೋಗುತ್ತಾರೆ. ಮೊನ್ನೆ ಮಗಳು, ಅವಳೀಗ ಲರ್ನರ್ಸ್ ಪರ್ಮಿಟ್ ತೆಗೆದುಕೊಂಡಿದ್ದಾಳೆ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರಾಕ್ಟೀಸಿಗೆ ಅಂತ ಆ ರಸ್ತೆಗೇ ಕರೆದುಕೊಂಡು ಹೋದಳು. ನಾಲ್ಕು ಲೇನು, ನಡುವೆ ಹುಲ್ಲಿನ ಪಟ್ಟಿ, ಎರಡೂ ಬದಿಗೆ ಒಂದೇ ಥರದ ಸಣ್ಣ ಗಿಡಗಳು. ಪೆಕಾನ್ ಮರ ಇಲ್ಲ. ಮಣ್ಣನ್ನೂ ತಗ್ಗಿಸಿ ಸಮ ಮಾಡಿದ್ದಾರೆ.

"ಅಮ್ಮ, ಇಲ್ಲೇನಾ?"

"ಇಲ್ಲೇ ಎಲ್ಲೋ."

"ಅಜ್ಜಿ ರೂಮ್ ಯಾವ ಕಡೆ?"

ನಾನು ಆಚೆ ನೋಡಿದೆ, ಈಚೆ ನೋಡಿದೆ. ಗುರುತೇ ಸಿಗಲಿಲ್ಲ. ನರಸಿಂಹಾ ಅಂದುಕೊಂಡೆ. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಅವಳು ತುಂಬಾ ನಿಧಾನ ಮಾಡಿಬಿಟ್ಟಿದ್ದಳು.

"ಲೇನ್ ಚೇಂಜ್ ಮಾಡ್ಲಾ ಅಮ್ಮ?"

"ಮಾಡು" ಅಂದೆ. "ಕನ್ನಡಿ ನೋಡ್ಕೊಂಡು ಮಾಡು."